ಡಿಪೋ ಮ್ಯಾನೇಜರರ ಮರುವಿಚಾರಣೆ

ಮಹಡಿ ಮೇಲಿನ ನಿವೃತ್ತ ಬಸ್ ಡಿಪೋ ಮ್ಯಾನೇಜರರು ತಮ್ಮ ಪ್ರಾಯದ ಕಾಲದ ಅಂತರಿಕ್ಷ ನೌಕೆಯ ಧಾರಾವಾಹಿಯನ್ನು ಈಗ ಮತ್ತೆ ನೋಡುವುದೆಂದರೆ ಇಲಾಖಾ ವಿಚಾರಣೆ ನಡೆಸಿದಂತೆ. ಕನ್ನಡಕ ಒರೆಸಿಕೊಂಡು, ಹಾಳೆಗೆ ಗೆರೆ ಹೊಡೆದು, ಒಬ್ಬೊಬ್ಬರ ನಡತೆಗೂ ಅಂಕ ಕೊಡುತ್ತಾರೆ. "ಕ್ಯಾಪ್ಟನ್ ಅಂತೆ ಕ್ಯಾಪ್ಟನ್! ಗ್ರಹ ಕಂಡಲ್ಲೆಲ್ಲ ತಾನೇ ಇಳೀತಾನೆ, ನೌಕೆ ನೋಡ್ಕೊಳ್ಳೋರು ಯಾರು?" ಎಂದು ಅವರು ಗುಡುಗಿದರೆ, "ಆಗ ಅವನ ಹಾಗೇ ತಲೆ ಬಾಚ್ತಿದ್ರಲ್ಲ" ಎಂದು ಹೆಂಡತಿ ಅಡುಗೆಮನೆಯಿಂದಲೇ ಕುಟುಕುತ್ತಾರೆ. ತಲೆ ಬಾಚುವುದು ಮಾತ್ರವೇ, ನೌಕೆಗೆ ಅಪ್ಪಣೆ ಕೊಡುವಾಗಿನ "ಹೊರಡಲಿ!" ಎಂಬ ಅವನ ಗತ್ತನ್ನೂ ಡಿಪೋಗೆ ತಂದಿದ್ದರು. ಈಗ ಪೂರ್ತಿ ಅಂಕವೆಲ್ಲ, "ಇಂಜಿನ್ ತಡೆಯಲ್ಲ" ಎಂದು ಕಂತು ಕಂತಿಗೂ ಗೋಗರೆಯುವ ನೌಕೆಯ ಮೆಕ್ಯಾನಿಕ್‌ಗೆ. ನಿನ್ನೆ ಕಂತನ್ನು ಅರ್ಧಕ್ಕೇ ನಿಲ್ಲಿಸಿ, ಡಿಪೋದ ಹಳೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರು: "ಅವತ್ತು ಬಸ್ಸು ಬಿಡಬೇಡಿ ಅಂದಾಗ ನಿನ್ನ ಬಾಯಿ ಮುಚ್ಚಿಸಿದ್ದೆನಲ್ಲ, ನೀನು ಹೇಳಿದ್ದೇ ಸರಿ ಕಣಯ್ಯ." ಆ ಕಡೆಯಿಂದ ಮೆಕ್ಯಾನಿಕ್ ಬಹಳ ವಿನಯದಿಂದ ಕೇಳಿದ, "ಯಾವತ್ತು ಸಾರ್?"