ಮಲಾಯಾ ತೀರದ ತರ್ಪಣ

ಕಾಕಾ ಅವರ ಬಲಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಎಂಥ ಅಂಗಿ ಹೊಲಿಸಿದರೂ ಒಂದು ಕಡೆ ಜಾರುತ್ತಿತ್ತು. ಹೈದರಾಬಾದಿನ ಸನತ್‌ನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಕಾರ್ಖಾನೆಯಲ್ಲಿ ಫಿಟ್ಟರ್, ಅದಕ್ಕೂ ಮೊದಲು ಬ್ರಿಟಿಷರ ಫೌಜಿನಲ್ಲಿ ಲಾರಿ ಡ್ರೈವರ್. ಹುಡುಗಿಗೆ ಪಾಲಿಟೆಕ್ನಿಕ್ ಯಾಕೆ ಎಂದ ನನ್ನಪ್ಪನ ಮುಂದೆ ಫಾರ್ಮು ತಾವೇ ತುಂಬಿ ತಂದಿಟ್ಟು, "ಸಹಿ ಮಾಡ್ರಿ, ಆಮ್ಯಾಲ ಚಾ ಕುಡಿಯೋಣು" ಎಂದಿದ್ದರು.

ಮಹಾಯುದ್ಧದ ಕೊನೆಗೆ, ಜಪಾನ್ ಶರಣಾದ ಮೇಲೂ, ಇವರ ತುಕಡಿಯನ್ನು ಮಲಾಯಾದ ಕಡಲತೀರದಲ್ಲಿ ಇಳಿಸಿದರಂತೆ. ಮರಳೆಂದುಕೊಂಡದ್ದು ಬರೀ ಕೆಸರು. ಹೂತ ಲಾರಿಯನ್ನು ಜೊತೆಗಾರನೊಂದಿಗೆ ದಬ್ಬುತ್ತಿದ್ದಾಗ ಅದು ಉರುಳಿತು. ಕಾಕಾ ಅವರ ಹೆಗಲು ಮುರಿಯಿತು, ಜೊತೆಗಾರ ಅಡಿಯಲ್ಲೇ ಉಳಿದ.

ಪ್ರತಿ ಮಹಾಲಯ ಅಮಾವಾಸ್ಯೆಗೆ ಭಟ್ಟರೊಂದಿಗೆ ಅದೇ ಜಗಳ.

"ಸಾಬರ ಹುಡುಗಗ ತರ್ಪಣ ಹ್ಯಾಂಗ್ರಿ ರಾಯರ? ಗೋತ್ರ ಏನಂತ ಹೇಳ್ಲಿ?"

"ನನ್ನ ಜೋಡಿ ಹೆಗಲು ಹಚ್ಚಿ ಲಾರಿ ದಬ್ಬ್ಯಾನ. ಅದ ಅವನ ಗೋತ್ರ. ಅವನ ಮಂದಿ ಫಾತಿಹಾ ಓದ್ಯಾರೋ ಇಲ್ಲೋ, ನನಗ ಬರೂದು ಇದೊಂದ. ಮಂತ್ರ ಹೇಳ್ರಿ."

ಭಟ್ಟರು ಗೊಣಗುತ್ತಲೇ ಹೇಳುತ್ತಿದ್ದರು.

ನನ್ನ ಗಂಡನಿಗೆ ಕ್ವಾಲಾಲಂಪುರಕ್ಕೆ ವರ್ಗವಾದಾಗ ಕಾಕಾ ಎಳ್ಳಿನ ಪೊಟ್ಟಣದೊಂದಿಗೆ ಬಂದಿಳಿದರು. ಆ ತೀರಕ್ಕೆ ಕರೆದೊಯ್ದೆ. ಇಲ್ಲಿ ಒಂದು ಗುಂಡೂ ಹಾರಲಿಲ್ಲ, ಯಾರೂ ಸಾಯಲಿಲ್ಲ ಎಂದು ಗೈಡ್ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದ. ಕಾಕಾ ಅವರ ಮುಖ ಕೆಂಪಾಯಿತು.

"ಯುದ್ಧ ಮುಗಿದಿತ್ತು, ಖರೆ. ಕೆಸರಿಗೆ ಯಾರು ಹೇಳಿದ್ರು? ಇಂವಗ ಹೇಳವ್ವಾ, ಒಬ್ಬಾಂವ ಸತ್ತಾನ. ನಾ ಕಣ್ಣಾರೆ ನೋಡೀನಿ."

ಹೇಳಿದೆ. ಅದು ಪುಸ್ತಕದಲ್ಲಿಲ್ಲ ಎಂದು ಗೈಡ್ ನಕ್ಕ. ಕಾಕಾ ಪ್ಯಾಂಟು ಮಡಚಿ ನೀರಿಗಿಳಿದೇಬಿಟ್ಟರು. ಕಾವಲುಗಾರ ಸೀಟಿ ಊದಿದ. ಇವರು ತಿರುಗಿಯೂ ನೋಡಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಬ್ಬೆರಳ ಪಕ್ಕದಿಂದ ಎಳ್ಳುನೀರು ಬಿಡುತ್ತ, ಜೊತೆಗಾರನ ಹೆಸರನ್ನು ಮೂರು ಸಲ ಕೂಗಿ ಹೇಳಿದರು. ನನಗೆ ಅಳುವೂ ಬಂತು, ಗೈಡನ ಮೇಲೆ ಸಿಟ್ಟೂ ಬಂತು.

ನಾವು ಹೈದರಾಬಾದಿಗೆ ಮರಳಿದ ವರ್ಷವೇ ಕಾಕಾ ಹೋದರು. ಮುಂದಿನ ಮಹಾಲಯಕ್ಕೆ ಅವರ ಮಗ ಅಪ್ಪನಿಗೆ ತರ್ಪಣ ಬಿಟ್ಟು ಎದ್ದ. ಇನ್ನೊಂದು ಹೆಸರು ಐತಲ್ಲ ಎಂದೆ.

"ಅಪ್ಪನ ಹುಚ್ಚು ಅಪ್ಪನ ಜೋಡಿ ಹೋತು, ಬಿಡ್ರಿ ಅಕ್ಕಾ."

ನಾನು ಅವನ ಮಣೆಯ ಮೇಲೆ ಕೂತು ಎಳ್ಳಿಗೆ ಕೈಯೊಡ್ಡಿದೆ. ಹೆಣ್ಣುಮಕ್ಕಳು ಬಿಡುವಂತಿಲ್ಲ ಎಂದರು ಅದೇ ಭಟ್ಟರು. ನಾನು ಏಳಲಿಲ್ಲ. ಅವರು ನನ್ನ ಅಂಗೈಗೆ ಎಳ್ಳು ಹಾಕಿದರು. ಆಮೇಲೆ ನಾನು ಹೇಳುವ ಮೊದಲೇ, ಆ ಹುಡುಗನ ಹೆಸರನ್ನು ತಾವೇ ಹೇಳಿದರು.