ಹುಟ್ಟಿದ ಸ್ಥಳ: ಘಾಟ್ಕೋಪರ್

ಮೊನ್ನೆ ಮುಂಬೈಯ ಘಾಟ್ಕೋಪರ್ ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಬಂತು. ವಠಾರದಂಥ ನಮ್ಮ ಚಾಳಿನಲ್ಲಿ ಪಕ್ಕದ ಮನೆಯಲ್ಲಿದ್ದ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವರು ತಂದಿದ್ದ ಒಂದು ಕಾಗದ ನೆನಪಾಯಿತು...

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವರು ಮಗನನ್ನು ಕರೆದುಕೊಂಡು ಬಂದಿದ್ದರು. ವಿಜಯಪುರದವರು, ಮನೆಯಲ್ಲಿ ದಖ್ನಿ ಉರ್ದು, ನನ್ನೊಡನೆ ಕನ್ನಡ. ಎ.ಸಿ. ರಿಪೇರಿ ಕಲಿತ ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಬೆಳಗಾದರೆ ಪಾಸ್‌ಪೋರ್ಟ್ ಆಫೀಸಿಗೆ ಹೋಗಬೇಕು. ಏಜೆಂಟ್ ಮಾಡಿಸಿಕೊಟ್ಟ ಜನನ ಪ್ರಮಾಣಪತ್ರ, ಆಗಲೇ ಲ್ಯಾಮಿನೇಟ್ ಮಾಡಿಸಿದ್ದು, ಖಾಲಾರ ಕೈಯಲ್ಲಿತ್ತು. ಚಾಳಿನವರ ಕಾಗದಪತ್ರ ಓದಿ ಹೇಳುತ್ತಿದ್ದ ನನ್ನನ್ನು ಅವರು ಪೇಪರ್ ಅಣ್ಣ ಎನ್ನುತ್ತಿದ್ದರು.

“ಪೇಪರ್ ಅಣ್ಣಾರ, ಇದು ಅಸಲಿ ಐತೇನು ನೋಡ್ರಿ.”

ಲಾಂಛನ, ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ರಿಜಿಸ್ಟ್ರಾರ್ ಸಹಿ, ಮೊಹರು ಎಲ್ಲ ಇದ್ದವು. ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದೆ. ಸರ್ಕಾರದ್ದರಂತೆಯೇ ಕಾಣುವ ಪುಟ ತೆರೆಯಿತು, ಹುಡುಗನ ಹೆಸರೂ ಬಂತು. ಆದರೆ ಆ ವೆಬ್‌ಸೈಟಿನ ವಿಳಾಸ ಸರ್ಕಾರದ್ದಾಗಿರಲಿಲ್ಲ. ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ. ಹುಟ್ಟಿದ ಸ್ಥಳ: ಘಾಟ್ಕೋಪರ್.

ಇವನ ಹೆರಿಗೆ ಇಲ್ಲೇ ಆಯಿತೇ ಎಂದು ಕೇಳಿದೆ.

“ಇಲ್ಲ್ಯಾಕ ಆಗತೈತ್ರಿ? ಮೊದಲನೇದು. ತವರಮನಿಗೆ ಹೋಗಿದ್ದೆ. ವಿಜಾಪುರದಾಗ ಹಡದೇನಿ.”

ಏಜೆಂಟ್ ಕೇಳಿದ್ದು ಮನೆ ಎಲ್ಲಿ ಎಂದಷ್ಟೇ. ಮಗ ಚಾಳಿನ ವಿಳಾಸ ಕೊಟ್ಟಿದ್ದ.

ಇದನ್ನು ಕೊಟ್ಟರೆ ಪೊಲೀಸ್ ಕೇಸ್ ಆಗಬಹುದು ಎಂದೆ. ಹುಡುಗನ ಮುಖ ಬಿಗಿಯಾಯಿತು. “ಅಮ್ಮೀ, ಕಲ್ ನೈ ಗಯಾ ತೋ ನೌಕ್ರಿ ಗಯೀ,” ನಾಳೆ ಹೋಗದಿದ್ದರೆ ಕೆಲಸ ಕೈತಪ್ಪುತ್ತದೆ ಎಂದು ತಾಯಿಗೆ ಹೇಳಿದವನು ನನ್ನತ್ತ ತಿರುಗಿದ. “ಅಂಕಲ್, ಯಾರು ನೋಡ್ತಾರ ಇಷ್ಟೆಲ್ಲಾ?” ಕಾಗದಕ್ಕೆ ಕೈ ಹಾಕಿದ. ಖಾಲಾ ಬಿಡಲಿಲ್ಲ. ಇಬ್ಬರ ಹಿಡಿತದ ನಡುವೆ ಪ್ಲಾಸ್ಟಿಕ್ ಬಾಗಿತು, ಹರಿಯಲಿಲ್ಲ.

“ನಿನ್ನ ಹಡದಾಕಿ ನಾನು. ಎಲ್ಲಿ ಹಡದೆ ಅಂತ ಏಜೆಂಟ್ ಹೇಳತಾನೇನು?”

ಮರುದಿನ ಮಗ ಆಫೀಸಿಗೆ ಹೋಗಲಿಲ್ಲ. ಖಾಲಾ ಒಬ್ಬರೇ ವಿಜಯಪುರದ ಬಸ್ ಹತ್ತಿದರು, ಹಳೆಯ ದಾಖಲೆ ಹುಡುಕಿಸಿ ಅಸಲಿ ಪತ್ರ ತಂದರು. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿತ್ತು. ಹುಡುಗ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ಮುಂದೆ ಇನ್ನೊಂದು ಕೆಲಸ ಸಿಕ್ಕಾಗ ತಾಯಿ ತಂದ ಪತ್ರವನ್ನೇ ಕೊಟ್ಟು ಪಾಸ್‌ಪೋರ್ಟ್ ಪಡೆದು ದುಬೈಗೆ ಹೋದ. ಖಾಲಾ ತವರೂರಿಗೆ ಮರಳಿದರು...

ಮೊನ್ನೆ ಅಂಗಡಿಗೆ ಹೋದದ್ದು, ಅವನು ದುಬೈಯಿಂದ ಕಳಿಸಿದ ಕಾಗದದ ಪ್ರಿಂಟ್ ತೆಗೆಸಲು. “ಇದೂ ಒಮ್ಮೆ ನೋಡಿ ಅಂಕಲ್” ಎಂದು ಬರೆದಿದ್ದ. ಖಾಲಾರ ಮರಣ ಪ್ರಮಾಣಪತ್ರ. ಸಂಖ್ಯೆ, ದಿನಾಂಕ, ಸಹಿ ಸರಿಯಿದ್ದವು. ಕ್ಯೂಆರ್ ಕೋಡ್ ಸರ್ಕಾರದ ಪುಟವನ್ನೇ ತೆರೆಯಿತು. ಮತ್ತೊಮ್ಮೆ ನೋಡಿದೆ... ತಪ್ಪು ಸಿಗಲಿಲ್ಲ.

“ಲ್ಯಾಮಿನೇಟ್ ಕರ್ ದೂಂ?” ಅಂಗಡಿಯವ ಕೇಳಿದ.

ಬೇಡ ಎಂದೆ.