ರುಚಿ ನೋಡದ ಹೀರೇಬೀಜ

ಇವತ್ತು ಸಂಜೆ ಹಿತ್ತಲಿನ ಎಳೆ ಹೀರೇಕಾಯಿಯ ತುದಿ ಮುರಿದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಹಸಿ ವಾಸನೆ ಬೆರಳಿಗೆ ಹತ್ತಿತ್ತು. ಬಾಯಿಗೆ ಹಾಕಿಕೊಳ್ಳುವಂತಿಲ್ಲ; ಚಾತುರ್ಮಾಸ ಮುಗಿಯುವವರೆಗೆ ಹಸಿರು ಕಾಯಿಪಲ್ಯ ತಿನ್ನುವುದಿಲ್ಲವೆಂದು ನೇಮ ಹಿಡಿದಿದ್ದೇನೆ. ಈ ವಯಸ್ಸಿನಲ್ಲಾದರೂ ನಾಲಿಗೆ ಹಿಡಿತಕ್ಕೆ ಬಂದೀತೆಂಬ ಆಸೆ. ಮಾತಿನ ಮಟ್ಟಿಗಂತೂ ಬಂದಿಲ್ಲವೆಂದು ನಮ್ಮ ಮನೆಯವರ ದೂರು. ಅದಿರಲಿ. ಚಿಕ್ಕೋಡಿಯ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯ ಸುನಂದಾ ಬೆಳಿಗ್ಗೆ, "ಈ ಬಳ್ಳೀದು ನಾಕು ಬೀಜ ಇಡ್ರಿ ಅಕ್ಕಾರ" ಎಂದು ಹೇಳಿ ಹೋಗಿದ್ದಳು. ಯಾರಾದರೂ ಬೀಜ ಕೇಳಿದರೆ ನನಗೆ ಮೈ ಹಿಡಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದಲ್ಲಿ ನಾನು ಜುಗೂಳಕ್ಕೆ ಸೊಸೆಯಾಗಿ ಹೋದೆ. ಅತ್ತೆಯ ಹೀರೇಬೀಜಕ್ಕೆ ಊರಲ್ಲಿ ದೊಡ್ಡ ಹೆಸರು. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮರುದಿನ ಹೆಂಗಸರೆಲ್ಲ ಬಂದು ನಮ್ಮ ಕಟ್ಟೆಯ ಮೇಲೆ ಕೂಡುವರು. ಅತ್ತೆ ಒಬ್ಬೊಬ್ಬರ ಸೆರಗಿಗೂ ಒಂದೊಂದು ಹಿಡಿ ಹಾಕುವರು. ಅಥಣಿಯ ನನ್ನ ತವರಿಗೂ ಒಂದು ಗಂಟು ಹೋಗುತ್ತಿತ್ತು.

ಆ ಹೆಸರಿನ ಗುಟ್ಟು ದೊಡ್ಡದೇನಲ್ಲ. ಬೇಲಿಯಲ್ಲಿ ಕಹಿ ಕಾಡುಹೀರೆ ತಾನಾಗಿ ಹಬ್ಬುತ್ತದೆ. ಅದರ ಹೂವಿನ ಮೇಲೆ ಕೂತ ಹುಳು ನಮ್ಮ ಹೂವಿನ ಮೇಲೂ ಬಂದು ಕೂಡುತ್ತದೆ. ಅದಕ್ಕೆ ಬೇಲಿಯ ಆಚೆ ಈಚೆ ಎಂಬುದಿದೆಯೇ? ಹಾಗೆ ಬೆರಕೆಯಾದ ಬೀಜದ ಬಳ್ಳಿ ನೋಡಲು ಚೆಲುವಾಗಿಯೇ ಇರುತ್ತದೆ. ಕಾಯಿ ಮಾತ್ರ ವಾಂತಿ ಬರುವಷ್ಟು ಕಹಿ. ಅದಕ್ಕೇ ಅತ್ತೆ ಪ್ರತಿ ಬಳ್ಳಿಯ ಮೊದಲ ಎಳೆಗಾಯಿಯನ್ನು ಕಚ್ಚಿ ನೋಡುವರು. ಕಹಿಯಿದ್ದರೆ ಬಳ್ಳಿಯನ್ನೇ ಕಿತ್ತೊಗೆಯುವರು. ಇಲ್ಲದಿದ್ದರೆ ಬೀಜಕ್ಕೆಂದು ಅದಕ್ಕೊಂದು ಕೆಂಪು ದಾರ ಕಟ್ಟುವರು.

ಒಂದು ವರ್ಷ ಮುನಿಗಳು ಚಾತುರ್ಮಾಸಕ್ಕೆ ನಮ್ಮೂರ ಬಸದಿಗೆ ಬಂದರು. ಭಕ್ತಿಯ ಹುಮ್ಮಸ್ಸಿನಲ್ಲಿ ಮನೆಮಂದಿಯೆಲ್ಲ ಹಸಿರು ಬಿಟ್ಟೆವು. ಬಳ್ಳಿ ಕಾಯಿ ಹಿಡಿಯುವ ಹೊತ್ತಿಗೆ ರುಚಿ ನೋಡಲು ಮನೆಯಲ್ಲಿ ಒಂದು ನಾಲಿಗೆಯೂ ಉಳಿದಿರಲಿಲ್ಲ. ಪಕ್ಕದ ಹೊಲದ ಬಾಳವ್ವನಿಗೆ ಇಂಥ ನೇಮವಿರಲಿಲ್ಲ.

"ಅತ್ತಿ, ಬಾಳವ್ವಗ ತಿಂದು ನೋಡಂತ ಹೇಳೂಣೇನ್ರಿ?" ಎಂದೆ.

"ಬೀಜ ಬೇಡಾಕ ಬರಾಕಿನ್ನ ನಾ ರುಚಿ ಕೇಳಾಕ ಹೋಗ್ಲೇನ? ನನ್ನ ಕಣ್ಣಿಗೆ ತಿಳೀತೈತಿ, ಸುಮ್ಮನಿರು."

ಎಲ್ಲಕ್ಕಿಂತ ಹುರುಪಿನಿಂದ ಹಬ್ಬಿದ ಬಳ್ಳಿಗಳಿಗೇ ದಾರ ಕಟ್ಟಿದರು.

ಮರುವರ್ಷ ಊರ ತುಂಬ ಕಹಿ. ಬೀಗರ ಮನೆಯ ಬೀಜವೆಂದು ಹೆಮ್ಮೆಯಿಂದ ಮಾಡಿದ ಪಲ್ಯವನ್ನು ನನ್ನ ಅವ್ವ ತಿಪ್ಪೆಗೆ ಚೆಲ್ಲಿದಳಂತೆ. ಅವಳು ನನಗೆ ಹೇಳಲಿಲ್ಲ; ನನ್ನ ತಮ್ಮ ಬಾಯಿಬಿಟ್ಟಾಗ ತಿಳಿಯಿತು. ಒಂದು ದಿನ ಬಾಳವ್ವ ತನ್ನ ಹೊಲದ ಕಾಯಿ ಹಿಡಿದುಕೊಂಡು ಬಂದಳು. ಆ ವರ್ಷ ನೇಮವಿರಲಿಲ್ಲ. ಅತ್ತೆ ತುದಿ ಮುರಿದು ಬಾಯಿಗೆ ಹಾಕಿಕೊಂಡು ಅಗಿದರು. ಉಗುಳಲಿಲ್ಲ, ನುಂಗಿದರು.

"ಈ ಸಲ ಮಳೀನ ಕೆಟ್ಟ ಬಂತ ನೋಡ್ರಿ" ಎಂದಳು ಬಾಳವ್ವನೇ, ಅತ್ತೆಯ ಮುಖ ನೋಡದೆ.

"ಹೌದವ್ವಾ, ಮಳೀದ" ಎಂದರು ಅತ್ತೆ.

ಬಾಗಿಲಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವಳು ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಉಳಿಸಿಕೊಟ್ಟ ಮರ್ಯಾದೆಯನ್ನು ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಮಿರಗಕ್ಕೆ ಅತ್ತೆ ಕಟ್ಟೆ ಸಾರಿಸಿ ಕೂತರು. ಯಾರೂ ಬರಲಿಲ್ಲ. ಮಧ್ಯಾಹ್ನ ಬಾಳವ್ವ ಒಬ್ಬಳೇ ಬಂದಳು. "ಏಕಸಂಬಿಯಿಂದ ನಮ್ಮಣ್ಣ ಬೀಜ ಕೊಟ್ಟಾನ್ರಿ. ನೀವೂ ನಾಕು ಹಾಕ್ರಿ" ಎಂದು ಮುಷ್ಟಿ ಮುಂದೆ ಹಿಡಿದಳು. ಕೊಟ್ಟೇ ಗೊತ್ತಿದ್ದ ಕೈ, ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ತಡವರಿಸಿತು. ಕೊನೆಗೆ ಅತ್ತೆ ಸೆರಗೊಡ್ಡಿದರು. ಮತ್ತೆಂದೂ ಅವರು ಯಾರಿಗೂ ಬೀಜ ಕೊಡಲಿಲ್ಲ.

ಇವತ್ತು ಕಾಯಿಯ ತುದಿ ಹಿಡಿದು ನಿಂತಾಗ ಇದೆಲ್ಲ ನೆನಪಾಯಿತು. ಬಳ್ಳಿ ಸೊಂಪಾಗಿ ಹಬ್ಬಿತ್ತು, ಕಣ್ಣಿಗೆ ಹಬ್ಬ. ಗೋಡೆಯ ಮೇಲಿಂದ ಕರೆದೆ: "ಸುನಂದಾ, ಒಂದೀಟ ಬಾರವ್ವಾ. ನಾ ತಿನ್ನೂ ಹಂಗಿಲ್ಲ, ನೀ ತಿಂದು ಹೇಳು." ಅಂದು ಇಷ್ಟೇ ಮಾತು ಸಾಕಾಗಿತ್ತಲ್ಲ.

ಅವಳು ತುದಿಯನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಒಮ್ಮೆ ಕಿರಿದಾದವು. ಬೇರೆ ಕಡೆ ನೋಡುತ್ತ, "ಛಲೋ ಐತ್ರಿ ಅಕ್ಕಾರ" ಎಂದಳು.

"ನುಂಗಬ್ಯಾಡವ್ವಾ, ಮೊದಲ ಉಗುಳು" ಎಂದು ಬಗ್ಗಿ ಬಳ್ಳಿಯ ಬುಡಕ್ಕೆ ಕೈಹಾಕಿದೆ.